ಅಧಿಕ ಮಾಸ ಯಾರ ಪಾಳಿ

ತಂಗೆವ್ವಾ, ಸಣ್ಣಪ್ಪಾ, ನಿಮ್ಮ ಮುತ್ತಜ್ಜಿ ಇಬ್ಬರು ಗಂಡುಮಕ್ಕಳ ದೊಡ್ಡ ಮನೆಗಳನ್ನು ಬಿಟ್ಟು ಕಾನಹೊಸಹಳ್ಳಿಯ ನಮ್ಮ ಸಣ್ಣ ಮನೆಯಲ್ಲಿ ಯಾಕೆ ಕಣ್ಣು ಮುಚ್ಚಿದಳು ಎಂದು ಕೇಳಿದ್ದಿರಿ. ಎದುರಿಗೆ ಕೂತು ಹೇಳಲು ನನಗೆ ನಾಲಗೆ ಹೊರಳುವುದಿಲ್ಲ. ಊರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇವೆ, ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಅಣ್ಣ, ಎಂದರೆ ಕೊಟ್ಟೂರಿನ ಭಾವನವರು, ಮತ್ತು ತಮ್ಮ, ಹಡಗಲಿಯ ಮೈದುನ, ಹೊಲ ಹಂಚಿಕೊಂಡಂತೆ ತಾಯಿಯನ್ನೂ ಹಂಚಿಕೊಂಡರು. ನಮ್ಮ ಕಡೆ ಅದಕ್ಕೆ ಪಾಳಿ ಅನ್ನುತ್ತಾರೆ. ನಲ್ಲಿ ನೀರಿಗೂ ಪಾಳಿ, ಹಡೆದವಳಿಗೂ ಪಾಳಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬನ ಮನೆ, ಆಮೇಲೆ ಇನ್ನೊಬ್ಬನದು. ನನಗೆ ಪಾಳಿ ಇರಲಿಲ್ಲ. ಗಂಡನಿಲ್ಲದವಳ ಮನೆಗೆ ತಾಯಿಯನ್ನು ಕಳಿಸಿದರೆ ಮಂದಿ ನಗುತ್ತಾರೆ ಎಂದರು ಭಾವನವರು. ಪಾಳಿ ಕೊಟ್ಟರೆ ಹೊಲದಲ್ಲಿ ಪಾಲೂ ಕೊಡಬೇಕಾದೀತು ಎಂಬುದನ್ನು ಮಾತ್ರ ಹೇಳಲಿಲ್ಲ. ಮಂದಿಯ ನಗೆಗೆ ಅಷ್ಟು ಹೆದರುವವರನ್ನು ನಾನು ಬೇರೆ ಕಂಡಿಲ್ಲ.

ಅಮಾವಾಸ್ಯೆ ಬಂತೆಂದರೆ ಅತ್ತೆ ಸೀರೆ, ತಂಬಿಗೆ, ವಿಭೂತಿಗಟ್ಟಿ, ಎಲೆಅಡಿಕೆ ಚೀಲ ಎಲ್ಲ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಹೀಗೇ ನಡೆದಿತ್ತು, ಅಧಿಕ ಮಾಸ ಬರುವ ತನಕ. ಆ ವರ್ಷ ಪಂಚಾಂಗದಲ್ಲಿ ಜ್ಯೇಷ್ಠ ಎರಡು ಸಲ ಬಂತು, ಮೊದಲು ಅಧಿಕ, ಆಮೇಲೆ ನಿಜ. ವೈಶಾಖ ಭಾವನವರ ಪಾಳಿ, ಜ್ಯೇಷ್ಠ ಮೈದುನನದು. ಮೈದುನ ಹೇಳಿಕಳಿಸಿದ, ತಾನು ನಿಜ ಜ್ಯೇಷ್ಠಕ್ಕೆ ಬಂದು ಕರಕೊಂಡು ಹೋಗುವುದಾಗಿ. ವೈಶಾಖ ಮುಗಿಯಿತಲ್ಲ, ನನ್ನದು ತೀರಿತು ಎಂದರು ಭಾವನವರು. ಓದಿದವರು, ಊರ ನ್ಯಾಯ ಬಗೆಹರಿಸುವವರು, ತಾಯಿಯನ್ನು ನಡುವೆ ಕೂರಿಸಿಕೊಂಡು ಜಗಳಾಡಿದರು.

"ಅಧಿಕ ಅನ್ನೋದು ಲೆಕ್ಕಕ್ಕ ಬರಂಗಿಲ್ಲಲೇ, ಅದು ಪಂಚಾಂಗದೋರು ಸೇರಿಸಿದ್ದು" ಎಂದರು ಭಾವನವರು.

"ಹಂಗಾರ ಪಂಚಾಂಗದೋರ ಮನಿಗೇ ಕಳಸು" ಎಂದ ಮೈದುನ.

ಅದೇ ತಿಂಗಳು ಭಾವನವರ ಮನೆಯಲ್ಲಿ ಅಳಿಯನನ್ನು ಕರೆದಿದ್ದರು. ಅಧಿಕ ಮಾಸದಲ್ಲಿ ಅಳಿಯನಿಗೆ ಹೋಳಿಗೆ ಉಣಿಸಿ ಬಟ್ಟೆ ಕೊಟ್ಟರೆ ಪುಣ್ಯವಂತೆ. ಅಳಿಯನಿಗೆ ಲೆಕ್ಕಕ್ಕೆ ಬಂದ ತಿಂಗಳು ತಾಯಿಗೆ ಬರಲಿಲ್ಲ.

ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಹರಪನಹಳ್ಳಿಯ ವೃದ್ಧಾಶ್ರಮ. ಯಾರೋ ಪುಣ್ಯವಂತರು ಹೊಸದಾಗಿ ತೆರೆದಿದ್ದರು. ಆದರೆ ಮಕ್ಕಳಿದ್ದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ, ದಿಕ್ಕಿಲ್ಲದವರಿಗೆ ಮಾತ್ರ ಜಾಗ. ಬಸ್ಸು ಹತ್ತಿ ಇಳಿಯುವಾಗ ಅತ್ತೆಯನ್ನು ಹಿಡಿದುಕೊಳ್ಳಲು ಹೆಣ್ಣಾಳು ಬೇಕಿತ್ತು. ಸೊಸೆಯರಿಬ್ಬರೂ ಹೋಳಿಗೆಯ ಗದ್ದಲದಲ್ಲಿದ್ದರು, ಹಾಗಾಗಿ ನನ್ನನ್ನು ಕರೆಸಿದರು. ಪಾಳಿಗೆ ಬೇಡವಾದವಳು ಹಮಾಲಿಗೆ ಬೇಕಾದೆ.

ಬಸ್ಸಿನಲ್ಲಿ ಭಾವನವರು ತಾಯಿಗೆ ಪಾಠ ಹೇಳಿಕೊಟ್ಟರು. "ಅವ್ವ, ಅಲ್ಲಿ ಕೇಳಿದ್ರ ನನಗ ಯಾರೂ ಇಲ್ಲ ಅನ್ನು." ಅತ್ತೆಗೆ ಕಿವಿ ಮಂದ. ಮೆಲ್ಲಗೆ ಹೇಳಿದ್ದು ಕೇಳಲಿಲ್ಲ, ಗಟ್ಟಿಯಾಗಿ ಹೇಳಿದರು. ಆಗಲೂ ಕೇಳಲಿಲ್ಲ, ಇನ್ನೂ ಗಟ್ಟಿಯಾಗಿ ಹೇಳಿದರು. ಬಸ್ಸಿನ ಮಂದಿಗೆಲ್ಲ ಪಾಠ ಬಾಯಿಪಾಠವಾಯಿತು. ಟಿಕೆಟು ಹರಿಯುತ್ತಿದ್ದ ಕಂಡಕ್ಟರ್ ನಿಂತು ಕೇಳಿದ, "ಯಾರೂ ಇಲ್ಲಂದ್ರ ನೀವೇನಾಗಬೇಕ್ರಿ ಅಜ್ಜಿಗಿ?"

"ಊರಿನೋರು" ಎಂದರು ಭಾವನವರು. ಮೈದುನ ಕಿಟಕಿಯ ಕಡೆ ಮುಖ ಮಾಡಿ ಯಾರದೋ ಶೇಂಗಾ ಹೊಲ ನೋಡುತ್ತಿದ್ದ.

ಆಶ್ರಮದ ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ಊರಿನವರಿಬ್ಬರೂ ನಿಂತರು. ನಾನು ಅತ್ತೆಯನ್ನು ಒಳಗೆ ಕರೆದುಕೊಂಡು ಹೋದೆ. ಆವತ್ತು ಯಾರದೋ ಮಗುವಿನ ಹುಟ್ಟಿದಹಬ್ಬ. ಮುದುಕಿಯರಿಗೆಲ್ಲ ಬಾಳೆಹಣ್ಣು ಕೊಟ್ಟು, ಸ್ವಲ್ಪ ಮೇಲೆತ್ತಿ ಹಿಡಿದು ನಗಿರಿ ಎಂದು ಫೋಟೋ ಹೊಡೆಯುತ್ತಿದ್ದರು. ಒಬ್ಬ ಮುದುಕಿ ಆಗಲೇ ಸುಲಿದು ಬಾಯಿಗಿಟ್ಟಿದ್ದಳು, ಅವಳಿಗೆ ಬೇರೆ ಹಣ್ಣು ಕೊಟ್ಟು ಮತ್ತೆ ನಗಿಸಿದರು.

ಅಲ್ಲಿ ನೋಡಿಕೊಳ್ಳುವ ಹೆಣ್ಣುಮಗಳು ಅತ್ತೆಗೆ ನೀರು ಕೊಟ್ಟು, ಕಿವಿಯ ಹತ್ತಿರ ಬಾಗಿ, ಮಕ್ಕಳು ಎಷ್ಟು ಮಂದಿ ಎಂದು ಕೇಳಿದಳು. ಅತ್ತೆ ತಾನಾಗಿ ಯಾರೂ ಇಲ್ಲ ಎಂದರೆ ಆ ಮಾತನ್ನು ಆಮೇಲೆ ವಾಪಸು ತರುವುದು ಹೇಗೆ? ಅತ್ತೆ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಮೂರು ಮಂದಿ ಹಡದೀನವ್ವ. ಒಬ್ಬ ಸತ್ತು ಒಳ್ಳೇವನಾದ. ಇಬ್ಬರು ಅಗಾ, ಗಿಡದ ಬುಡಕ ನಿಂತಾರ, ಊರಿನೋರಂತ."

ಆಕೆ ಕಿಟಕಿಯಿಂದ ಹೊರಗೆ ನೋಡಿದಳು. ಮರದ ಕೆಳಗಿನ ಇಬ್ಬರೂ ಬೆನ್ನು ತಿರುಗಿಸಿದರು. ಹಾಗಾದರೆ ಈಗ ಎಲ್ಲಿಗೆ ಹೋಗುತ್ತೀರಜ್ಜಿ ಎಂದು ಆಕೆ ಕೇಳಿದಾಗ ಅತ್ತೆ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನು ನೆಲ ನೋಡುತ್ತ "ನಮ್ಮನಿಗಿ" ಎಂದೆ. ಆವತ್ತು ನಾನು ಆಡಿದ್ದು ಅದೊಂದೇ ಮಾತು.

ಸುದ್ದಿ ಕೇಳಿ ಭಾವನವರ ಮುಖ ಅರಳಿತು. ಮಂದಿ ನಗುತ್ತಾರೆ ಎಂಬುದು ಅವರಿಗೆ ನೆನಪಾಗಲಿಲ್ಲ. ಅಧಿಕ ಒಂದು ತಿಂಗಳು ತಾನೆ ಎಂದು ನನಗೇ ಧೈರ್ಯ ಹೇಳಿದರು.

ನಿಜ ಜ್ಯೇಷ್ಠ ಬಂದಾಗ ಮೈದುನ, ಮಾತು ತಪ್ಪಿದ ಅನ್ನಿಸಿಕೊಳ್ಳಬಾರದೆಂದು, ನಮ್ಮ ಮನೆಗೆ ಬಂದ. ಅತ್ತೆ ಕಟ್ಟೆಯ ಮೇಲೆ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಂದು ಅಧಿಕ ಇನ್ನೂ ಮುಗಿದಿಲ್ಲಪ. ನೀ ಹೋಗು" ಎಂದಳು.

ಅವನು ಚಹಾ ಕೂಡ ಪೂರ್ತಿ ಕುಡಿಯದೆ ಹೊರಟ. ಅಷ್ಟು ಹಗುರವಾಗಿ ನಡೆದವರನ್ನು ನಮ್ಮ ಓಣಿ ಕಂಡಿರಲಿಲ್ಲ. ಅತ್ತೆಯ ಅಧಿಕ ಮಾಸ ಅವಳು ಸಾಯುವ ತನಕ ನಡೆಯಿತು. ಅವಳ ಬಾಯಿ ಸುಮ್ಮನಿರುತ್ತಿತ್ತೆಂದು ತಿಳಿಯಬೇಡಿ, ನನ್ನ ಸಾರಿಗೆ ದಿನಾ ಒಂದು ಹೆಸರಿಡುತ್ತಿದ್ದಳು. ಮಣ್ಣಿಗೆ ಒಯ್ಯುವ ದಿನ ಇಬ್ಬರೂ ಮಕ್ಕಳು ಬಂದು ಮುಂದಿನ ಹೆಗಲು ತಮ್ಮದೇ ಎಂದು ತಳ್ಳಾಡಿದರು. ಅದಕ್ಕೆ ಮಾತ್ರ ಪಾಳಿ ಹಚ್ಚಲಿಲ್ಲ.

ಹರಪನಹಳ್ಳಿಯ ಆ ಮನೆಯ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಒಗೆದ ಹಾಸಿಗೆ ಇತ್ತು, ಕೇಳುವವರಿದ್ದರು. ನಾಳೆ ನನ್ನ ಕೈಕಾಲು ಬಿದ್ದು, ನಿಮ್ಮ ಕೈಲಿ ನೋಡಿಕೊಳ್ಳಲು ಆಗದಿದ್ದರೆ ಅಂಥ ಕಡೆಯೇ ಬಿಡಿ. ಆದರೆ ನನ್ನ ಜೊತೆ ಒಳಗೆ ಬಂದು, ಇವಳು ನಮ್ಮಜ್ಜಿ, ನಾವು ಇವಳ ಮೊಮ್ಮಕ್ಕಳು ಎಂದು ಹೇಳಿ ಬಿಡಿ. ಅಷ್ಟು ಹೇಳಲು ನಾಚಿಕೆಯಾದರೆ ಬಿಡಲೂಬೇಡಿ. ಆ ಹೊತ್ತಿಗೆ ನನ್ನ ಬಾಯಿ ನಿಂತಿರಬಹುದು, ಇದ್ದಾಗಲೂ ಅದು ಅಷ್ಟಕ್ಕಷ್ಟೇ. ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ, ದೊಡ್ಡವರ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳಿ. ಆವತ್ತು ತೆಗೆದು ಓದಲು ಬೇಕಾಗುತ್ತವೆ.