ಆಯಿಯ ಹಲ್ಲು, ನನ್ನ ಹೆಸರು

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅರವತ್ತೈದು ದಾಟಿದ್ದರೂ ಅವಳ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ, ಆ ಜಂಬ ಕೇಳಬೇಡಿ. ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರಾದರೂ ಹಲ್ಲುನೋವೆಂದು ಗಲ್ಲ ಹಿಡಿದು ಕೂತಿದ್ದರೆ, ಅವರೆದುರಿಗೇ ಅಡಕೆ ಕಡಿದು ತೋರಿಸಿ ಬರುವ ಹೆಂಗಸು. ನಿಜಾಮನ ಕಾಲ ಅದು. ಹಲ್ಲುನೋವಿಗೆ ನಮಗೆ ಗೊತ್ತಿದ್ದ ವೈದ್ಯನೆಂದರೆ ಸಂತೆಗೆ ಇಕ್ಕಳ ಹಿಡಿದು ಬರುವವನೊಬ್ಬನೇ. ಅವನ ಮಾತೆತ್ತಿದರೆ ಸಾಕು, ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು.

ನಾಗರ ಪಂಚಮಿ ಬಂತೆಂದರೆ ಆಯಿಯ ಕಾನೂನು ಜೋರು. ಮನೆಯಲ್ಲಿ ಎಳ್ಳುಂಡಿ, ಶೇಂಗಾ ಉಂಡಿ ಡಬ್ಬಿ ತುಂಬ ಇರುತ್ತಿದ್ದವು. ಆದರೆ ಒಂದು ತಿಂದವರು ಬಾಯಿ ಮುಕ್ಕಳಿಸಿ, ಉಪ್ಪು ಬೂದಿಯಲ್ಲಿ ಹಲ್ಲು ತಿಕ್ಕಿ, ಮೇಲೊಂದು ತುಂಡು ಒಣಗಿದ ಕಟಕ ರೊಟ್ಟಿ ಕಡಿದು, ಬಾಯಿ ತೆರೆದು ತೋರಿಸಿದರೇನೇ ಎರಡನೆಯದು. ಅವಳು ಬೆರಳು ಹಾಕಿ ದವಡೆಯನ್ನೆಲ್ಲ ತಡವುತ್ತಿದ್ದಳು. "ಎಳ್ಳು ಸಿಕ್ಕೊಂಡೈತಿ. ಹೋಗು, ಮತ್ತ ತಿಕ್ಕು" ಎಂದು ಅಟ್ಟುವಳು. ಓಣಿಯ ಹುಡುಗಿಯರು ಜೋಕಾಲಿಯಲ್ಲಿ ಕೂತೇ ನಾಲ್ಕು ಉಂಡಿ ಮುಗಿಸುವಾಗ ನಾನು ಬೂದಿ ಉಗುಳುತ್ತ ನಿಂತಿರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಇವತ್ತಿಗೂ ನನ್ನ ಬಾಯಲ್ಲಿ ಹಲ್ಲುಗಳಿವೆ, ಅದು ಬೇರೆ ಮಾತು.

ನನಗೆ ಏಳು ವರ್ಷವಾಗಿದ್ದ ಆ ಪಂಚಮಿಗೆ ಸೋದರತ್ತೆ, ಅಂದರೆ ಆಯಿಯ ಮಗಳು, ಗಂಗಾವತಿಯಿಂದ ತವರಿಗೆ ಬಂದಿದ್ದಳು. ನಮ್ಮವ್ವ ಮಾಡಿದ್ದರಲ್ಲಿ ಹುಳುಕು ಹುಡುಕದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಹುಡುಕಿದ್ದನ್ನು ಓಣಿಗೆಲ್ಲ ಹೇಳಿ, ಅಪ್ಪನ ಕಿವಿಗೂ ಹಾಕಿ ಹೋಗುತ್ತಿದ್ದಳು. ಹಿಂದಿನ ವರ್ಷ ಹೋಳಿಗೆ ಹರಿದದ್ದಕ್ಕೆ ಅವ್ವ ಎಷ್ಟು ಅತ್ತಿದ್ದಳೆಂದು ನಾನು ಕಂಡಿದ್ದೆ. ಈ ಸಲ ಉಂಡಿಗಾದರೂ ಒಳ್ಳೆಯ ಮಾತು ಬರಲಿ ಎಂದು ಅವಳ ಜೀವವೆಲ್ಲ ಅದರಲ್ಲೇ ಇತ್ತು.

ಎಳ್ಳುಂಡಿ ಚೆನ್ನಾಗಿಯೇ ಬಂದವು. ಶೇಂಗಾ ಉಂಡಿಗೆ ಬೆಲ್ಲದ ಪಾಕ ಒಲೆಯ ಮೇಲಿರುವಾಗ ಅತ್ತೆ ಬಚ್ಚಲಿಂದ ಬಿಸಿನೀರಿಗೆ ಕೂಗಿದಳು. ಅವ್ವ ಕೊಟ್ಟು ಬರುವಷ್ಟರಲ್ಲಿ ಪಾಕ ಏರಿ ಗಟ್ಟಿಯಾಗಿಬಿಟ್ಟಿತ್ತು. ಯುದ್ಧದ ದಿನಗಳು, ಬೆಲ್ಲ ಚೆಲ್ಲುವಂತಿರಲಿಲ್ಲ. ಅದರಲ್ಲೇ ಉಂಡಿ ಕಟ್ಟಿ, ಅತ್ತೆಯ ಕಣ್ಣಿಗೆ ಬೀಳದಂತೆ ಪಡಸಾಲೆಯ ಮೂಲೆಯ ಗಡಿಗೆಯಲ್ಲಿಟ್ಟಳು.

ನಾಗಪ್ಪನಿಗೆ ಹಾಲೆರೆದ ದಿನ ಮಧ್ಯಾಹ್ನ ಆಯಿ ಅದೇ ಗಡಿಗೆಗೆ ಕೈ ಹಾಕಿದಳು. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಉಂಡಿ ಕಡಿದಳು, ಟಕ್ಕೆಂದಿತು. ಬಾಯಿಗೆ ಸೆರಗು ಒತ್ತಿಕೊಂಡು ಅಂಗೈಗೆ ಉಗುಳಿದಳು. ಆಮೇಲೆ ಅಂಗೈ ಬಿಚ್ಚಿದಳು. ಶೇಂಗಾದ ಜೊತೆ ಅರ್ಧ ಹಲ್ಲಿತ್ತು.

ನನಗೆ ಅಳುವೇ ಬಂತು. ಹಲ್ಲಿಗಾಗಿ ಅಲ್ಲ, ಅವ್ವನಿಗಾಗಿ. "ಅತ್ತೀಗೆ ಗೊತ್ತಾದ್ರ ಅವ್ವನ್ನ ಬಿಡೂದಿಲ್ಲ" ಎಂದೆ.

"ಅದಕ್ಕ ಬಾಯಿ ಮುಚ್ಚು" ಎಂದಳು ಆಯಿ. "ನಿಂದೂ ಒಂದು ಹಲ್ಲು ಅಲ್ಲಾಡಾಕತ್ತೈತಲ್ಲ. ಇದನ್ನ ಸಗಣ್ಯಾಗ ಸುತ್ತಿ ಮಾಳಗಿ ಮ್ಯಾಲ ಒಗಿ. ಯಾರರ ಕೇಳಿದ್ರ ನಂದು ಅನ್ನು."

ಮಕ್ಕಳ ಹಾಲುಹಲ್ಲು ಬಿದ್ದರೆ ಹಾಗೆ ಒಗೆಯುವುದು ನಮ್ಮಲ್ಲಿ ರೂಢಿ, ಹೊಸದು ಬೇಗ ಬರಲಿ ಎಂದು. ನಾನು ಅಂಗಳಕ್ಕಿಳಿದು ಒಗೆದೆ. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಏನ ಒಗದಿ?"

"ನನ್ನ ಹಲ್ಲು."

"ಉಂಡಿ ತಿಂದು ಬಿತ್ತೇನು? ನಿಮ್ಮವ್ವ ಉಂಡಿ ಕಟ್ಯಾಳೋ ಕಲ್ಲು ಕಟ್ಯಾಳೋ. ಎಲ್ಲಿ, ಬಾಯಿ ತೆಗಿ ನೋಡೂಣು."

ನಾನು ತುಟಿ ಬಿಗಿಹಿಡಿದೆ. ಅಷ್ಟರಲ್ಲಿ ಅವ್ವ ಒಳಗಿಂದ ಓಡಿ ಬಂದು, ಅತ್ತೆಗೆ ಬೆನ್ನು ಮಾಡಿ ನಿಂತು ನನ್ನ ಗದ್ದ ಎತ್ತಿದಳು. ಬಾಯಿ ತೆರೆದೆ. ಎಲ್ಲ ಹಲ್ಲೂ ಇದ್ದಲ್ಲೇ ಇದ್ದವು. ಅವ್ವ ನನ್ನನ್ನು ನೋಡಿದಳು, ಕತ್ತು ತಿರುಗಿಸಿ ಮೂಲೆಯ ಗಡಿಗೆ ನೋಡಿದಳು, ಪಡಸಾಲೆಯಲ್ಲಿ ಬಾಯಿಗೆ ಸೆರಗು ಹಿಡಿದು ಮಾಳಿಗೆಯತ್ತ ನೋಡುತ್ತ ಕೂತಿದ್ದ ಆಯಿಯನ್ನು ನೋಡಿದಳು.

"ಹೌದ್ರಿ ಅಕ್ಕಾರ, ಬಿದ್ದೈತಿ" ಎಂದು ನನ್ನ ಬಾಯಿ ಮುಚ್ಚಿಸಿದಳು. "ಹಾಲುಹಲ್ಲು, ತಾನಾಗೇ ಬಿದ್ದೈತಿ."

ಮರುದಿನ ಆಯಿಯ ಮುಂದೆ ಬಂದದ್ದು ಉಂಡಿಯಲ್ಲ, ಕುಟ್ಟಿ ಪುಡಿ ಮಾಡಿ ಬಿಸಿ ಹಾಲಲ್ಲಿ ನೆನೆಸಿದ ಶೇಂಗಾ ಬೆಲ್ಲ. ಆಯಿ ಬಟ್ಟಲು ಬಳಿದು ತಿಂದು, ಮಗಳಿಗೆ ಕೇಳುವ ಹಾಗೆ ಹೇಳಿದಳು: "ಈ ಸಲ ಉಂಡಿ ಭಾಳ ಛಲೋ ಆಗ್ಯಾವು." ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವ್ವ ಆಯಿಯ ಬಾಯಿಂದ ಕೇಳಿದ ಮೊದಲ ಒಳ್ಳೆಯ ಮಾತು ಅದು. ಒಲೆಯ ಮುಂದೆ ಹೋಗಿ ಕೂತು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ಅತ್ತೆ ಊರಿಗೆ ಹೋದ ಮೇಲೆ ನನ್ನ ಹಲ್ಲು ನಿಜವಾಗಿಯೂ ಬಿತ್ತು. ನನಗೊಂದು ಚಿಂತೆ. ನನ್ನ ಹೆಸರಿನಲ್ಲಿ ಆಯಿಯ ಹಲ್ಲು ಆಗಲೇ ಮಾಳಿಗೆ ಸೇರಿದೆ. ಇನ್ನು ಹೊಸದು ಯಾರಿಗೆ ಬರುತ್ತದೆ? ಆಯಿಯನ್ನೇ ಕೇಳಿದೆ.

ಆಯಿ ಸೆರಗು ಮರೆತು ಬಾಯಿ ತುಂಬ ನಕ್ಕಳು, ಮುರಿದ ಹಲ್ಲು ಕಾಣುವ ಹಾಗೆ. ಒಳಗೆ ಒರಳಲ್ಲಿ ಅವ್ವ ಶೇಂಗಾ ಕುಟ್ಟುವ ಸದ್ದು ಕೇಳುತ್ತಿತ್ತು.

"ನಿಂದು ಬರ್ತೈತಿ" ಎಂದಳು. "ನಂದು ಯಾಕ ಬರಬೇಕು? ನಿಮ್ಮವ್ವ ಅದಾಳಲ್ಲ."