ಹೆಣವಾಗಿ ಮಲಗಿದ ಅಪ್ಪ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಮಾತಾಡಿಸುವುದು, ಇಂಥವನ್ನೆಲ್ಲ ಯಾರಾದರೂ ಹೇಳಿದರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಶಹಾಬಾದಿನಿಂದ ದಿನಾ ಸೇಡಂಗೆ ಹೋಗಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಇದನ್ನು ಓದಿ ನೀವು ನಗಬಹುದು. ನಗಿರಿ, ನನ್ನದೇನೂ ತಕರಾರಿಲ್ಲ.

ನಮ್ಮಪ್ಪ ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡುತ್ತಿದ್ದ. ವರ್ಷಗಟ್ಟಲೆ ಆ ಧೂಳು ಕುಡಿದು ಎದೆ ಹಾಳಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ತೇಕು. ಹೋದ ವರ್ಷ ಊರ ಹೊರಗಿನ ಪಾಳುಬಿದ್ದ ಕಲ್ಲುಗಣಿಗೆ ಸಿನಿಮಾದವರು ಬಂದರು. ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತ ಹೋಗುವವನ ಕಥೆಯಂತೆ. ಹೆಣಗಳಾಗಿ ಮಲಗಲು ಜನ ಬೇಕಿತ್ತು. ಜನರನ್ನು ಕೂಡಿಸುತ್ತಿದ್ದವನು ವಾಡಿಯ ನಾಗಪ್ಪ. ಅಪ್ಪನೂ ಹೋದ. ಸಂಜೆ ಬಂದವನು ನಕ್ಕೂ ನಕ್ಕೂ ಕೆಮ್ಮಿದ.

"ಉಸರು ಬಿಗಿ ಹಿಡಿ, ಹೆಣಾ ಉಸರಾಡಂಗಿಲ್ಲ ಅಂತ ಬೈತಾರವ್ವ. ನನ್ನ ಎದಿ ಎಲ್ಲಿ ಕೇಳ್ತದ? ಮತ್ತ ಮತ್ತ ಮಲಗಿಸಿದ್ರು."

ಅವ್ವ ಮಾತ್ರ ನಗಲಿಲ್ಲ. ಹೆಣವಾಗಿ ಮಲಗಿ ಬಂದವನು ಹಾಗೇ ಒಳಗೆ ಬರಬಾರದೆಂದು ಅಂಗಳದಲ್ಲೇ ತಲೆಗೆ ನೀರು ಹಾಕಿದಳು.

ಮೂರು ತಿಂಗಳಿಗೆ ಅಪ್ಪ ತೀರಿಕೊಂಡ. ಕೊನೆಯ ವಾರ ಒಂದೊಂದು ಉಸಿರಿಗೂ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಅವನು ಹೋದ ಮೇಲೂ ಆ ಗೊರಗೊರ ಸದ್ದು ಅವ್ವನ ಕಿವಿಯಿಂದ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಕೇಳಿಸುತ್ತದೆಂದು ಗೋಡೆಗೆ ಒರಗಿಯೇ ಬೆಳಗು ಮಾಡುತ್ತಿದ್ದಳು. ಊಟವೂ ಅಷ್ಟಕ್ಕಷ್ಟೇ. ಅವ್ವನೂ ನನ್ನ ಕೈ ಬಿಡುತ್ತಾಳೆ ಅನ್ನಿಸಿ ಜೀವ ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಸಿನಿಮಾ ಬಂತು. ಅಬ್ಬಬ್ಬಾ, ಏನು ಅಬ್ಬರ! ಎಲ್ಲಿ ನೋಡಿದರೂ ಪೋಸ್ಟರು. ಎದೆ ಗಟ್ಟಿ ಇದ್ದವರಷ್ಟೇ ಬರಬೇಕಂತೆ, ಟಾಕೀಸಿನ ಮುಂದೆ ಆಂಬುಲೆನ್ಸ್ ನಿಲ್ಲಿಸುತ್ತಾರಂತೆ. "ನಿಮ್ಮಪ್ಪನ್ನ ನೋಡಬೇಕು, ಕರಕೊಂಡು ಹೋಗು" ಎಂದು ಅವ್ವ ಹಟ ಹಿಡಿದಳು. ಬೇಡವೆಂದರೆ ಕೇಳಲಿಲ್ಲ. ಮಧ್ಯಾಹ್ನದ ಆಟಕ್ಕೆ ಹೋದೆವು. ಆಂಬುಲೆನ್ಸೂ ಇಲ್ಲ, ಮಣ್ಣೂ ಇಲ್ಲ. ಸಿನಿಮಾ ಠುಸ್. ಕೊಲೆಗಾರ ಚಾಕು ಹಿಡಿದುಕೊಂಡು ತಾನು ಸಣ್ಣವನಿದ್ದಾಗ ಪಟ್ಟ ಕಷ್ಟವನ್ನೆಲ್ಲ ಹೇಳುತ್ತ ನಿಂತರೆ, ಹಿಂದಿನ ಸಾಲಿನವನೊಬ್ಬ "ಲಗೂನ ಹೊಡದು ಮುಗಸೋ ಯಪ್ಪಾ, ಬಸ್ಸಿನ ಹೊತ್ತಾತು" ಎಂದು ಕೂಗಿದ. ಟಾಕೀಸೆಲ್ಲ ನಕ್ಕಿತು.

ಆಮೇಲೆ ಗಣಿ ಬಂತು. ಪೊಲೀಸನೊಬ್ಬ ಹೆಣದ ಮೇಲಿನ ಬಟ್ಟೆ ಸರಿಸಿದ. ಪರದೆಯ ತುಂಬ ನಮ್ಮಪ್ಪ. ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ತೇಕಿಲ್ಲ, ಗೊರಗೊರ ಇಲ್ಲ. ಹೊಟ್ಟೆ ತುಂಬ ಉಂಡು ಮಲಗಿದವನ ಹಾಗೆ ನಿಧಾನವಾಗಿ ಉಸಿರಾಡುತ್ತಿದ್ದ. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ನೋಡವ್ವಾ, ಎಷ್ಟು ಆರಾಮ ಉಸರಾಡ್ಲಿಕತ್ತಾರ."

ಇಬ್ಬರೂ ಅತ್ತೆವು. ಅವತ್ತು ಅವ್ವ ಬೆಳಗಿನ ತನಕ ಮಲಗಿದಳು.

ವಾರದ ಮೇಲೆ ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ನಾಗಪ್ಪ ಸಿಕ್ಕ. ಅಪ್ಪ ಉಸಿರಾಡಿದ್ದನ್ನು ಕತ್ತರಿಸದೆ ಹಾಗೇ ಬಿಟ್ಟರಲ್ಲ, ಸಿನಿಮಾದವರಿಗೆ ಪುಣ್ಯ ಬರಲಿ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

"ಉಸರು ಹೆಂಗ ಕಾಣ್ತದರಿ ಟೀಚರ್? ಭಾಳ ಸಲ ಮಾಡಿದ್ರೂ ಅವರ ಎದಿ ನಿಲ್ಲಲೇ ಇಲ್ಲ. ಕಡೀಕ ಒಂದು ಫೋಟೊ ಹೊಡದು ಅದನ್ನೇ ಹಾಕ್ಯಾರ. ಅದು ಬರೀ ಫೋಟೊ ಅದರಿ."

ಫೋಟೊ ಉಸಿರಾಡುವುದಿಲ್ಲ. ಕಣ್ಣಲ್ಲಿ ನೀರು ತುಂಬಿದಾಗ ಹಾಗೆ ಕಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವ್ವ ಬಾಯಿ ಬಿಡುವ ಮೊದಲೇ ನಾನು ಕಂಡಿದ್ದೆ, ಆಗ ನನ್ನ ಕಣ್ಣು ಒಣಗೇ ಇತ್ತು. ನಾಗಪ್ಪನ ಮಾತನ್ನು ಅವ್ವನಿಗೆ ಹೇಳಿಲ್ಲ. ಯಾವ ಬಾಯಿಂದ ಹೇಳಲಿ?

ಈಗ ಆ ಸಿನಿಮಾ ಮೊಬೈಲಿನಲ್ಲೂ ಬಂದಿದೆ. ಎದೆ ಭಾರವಾದ ದಿನ ಅವ್ವ ಹಚ್ಚಿಕೊಡು ಅನ್ನುತ್ತಾಳೆ. ಗಣಿ ಬರುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ ಅವಳ ಕೈಗೆ ಕೊಡುತ್ತೇನೆ. "ಉಸರಾಡ್ಲಿಕತ್ತಾರ ನೋಡು ಬಾ" ಎಂದು ಕರೆಯುತ್ತಾಳೆ. ರೊಟ್ಟಿ ಬಡೀಲಿಕತ್ತೀನವ್ವ, ಆಮ್ಯಾಲ ನೋಡ್ತೀನಿ ಎನ್ನುತ್ತೇನೆ. ಇಲ್ಲಿಯ ತನಕ ಒಮ್ಮೆಯೂ ನೋಡಿಲ್ಲ. ನನಗೆ ಅಪ್ಪ ಕದಲದೆ ಕಂಡುಬಿಟ್ಟರೆ ಏನು ಮಾಡಲಿ?