ಜಗಲಿಯ ಪ್ರಬಂಧಕ್ಕೆ ನಾನು ಸೇರಿಸಿದ ವಾಕ್ಯ

ಸುಜಾತ ತನ್ನ ಪ್ರಬಂಧವನ್ನು ಮೂರನೇ ಸಲ ನನ್ನ ಟೇಬಲ್ ಮೇಲೆ ತಂದಿಟ್ಟಾಗ, ಮೊದಲ ಪುಟದಲ್ಲಿ ಕೆಂಪು ಇಂಕಿನ ಒಂದೇ ಪದ ಇತ್ತು. "ಆಮೇಲೆ?"

ಅವಳ ಗೈಡ್ ಬರೆದದ್ದು. ಹಿಂದಿನ ಸಲವೂ ಅದನ್ನೇ ಬರೆದಿದ್ದರು.

ತೊಂಬತ್ತರ ದಶಕದ ಮಾತು. ಶೇಷಾದ್ರಿಪುರಂನಲ್ಲಿ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ ಇತ್ತು. ಎಂ.ಎ. ಓದುವವರು ಕೈಬರಹದಲ್ಲಿ ತಂದ ಪ್ರಬಂಧಗಳನ್ನು ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದು ಕೊಡುತ್ತಿದ್ದೆ.

ಮಷೀನಿಗೆ ರಿಬ್ಬನ್ ಹಾಕುವುದು, ಜನಕ್ಕೆ ಟೋಪಿ ಹಾಕುವುದು... ಎರಡೂ ಕೈಗೆ ಕೂತಿತ್ತು.

ಗೈಡುಗಳು ನಿಜವಾಗಿಯೂ ಓದುತ್ತಾರಾ ಎಂದು ನೋಡಲು ಆಗಾಗ ನನ್ನದೊಂದು ವಾಕ್ಯ ಸೇರಿಸುತ್ತಿದ್ದೆ. ಒಬ್ಬನ ಪ್ರಬಂಧದ ನಟ್ಟನಡುವೆ "ಇಲ್ಲಿಯವರೆಗೆ ಓದಿದವರಿಗೆ ಮಸಾಲೆ ದೋಸೆ ಕೊಡಿಸಲಾಗುವುದು" ಎಂದು ಹೊಡೆದಿದ್ದೆ. ಯಾರೂ ದೋಸೆ ಕೇಳಲಿಲ್ಲ. ಅವನಿಗೆ ಫಸ್ಟ್ ಕ್ಲಾಸ್ ಬಂತು.

ಸುಜಾತಳ ವಿಷಯ ಮಲ್ಲೇಶ್ವರದ ಹಳೇ ಮನೆಗಳ ಜಗಲಿ. ಬಾಗಿಲಿನ ಹೊರಗೆ ಕೂರಲು ಕಟ್ಟಿರುತ್ತಾರಲ್ಲ, ಆ ಕಟ್ಟೆ. ಅವಳ ಮೊದಲ ವಾಕ್ಯ: "ಜಗಲಿಯು ನಮ್ಮ ಸಂಸ್ಕೃತಿಯ ಪ್ರತೀಕವಾಗಿದೆ."

"ಇದಕ್ಕೆ ಯಾರಾದ್ರೂ ಅಲ್ಲ ಅಂತಾರಾ ಅಂತ ಕೇಳ್ತಾರೆ ಸರ್ ನಮ್ ಗೈಡು. ಯಾರೂ ಅಲ್ಲ ಅನ್ನದೇ ಇರೋದನ್ನ ಬರೆಯೋಕೆ ನೀನ್ಯಾಕಮ್ಮ ಬೇಕು ಅಂತಾರೆ."

ಗೈಡ್ ಮೇಲೆ ನನಗೆ ಗೌರವ ಬಂತು.

"ಶನಿವಾರದೊಳಗೆ ಸಹಿ ಹಾಕ್ಲಿಲ್ಲ ಅಂದ್ರೆ ಒಂದ್ ವರ್ಷ ಹೋಯ್ತು ಸರ್. ನಂದು ಮುಗಿದ್ಮೇಲೇನೇ ನನ್ ತಂಗಿ ಕಾಲೇಜಿಗೆ ಸೇರೋದು. ಆಗ್ಲೇ ಅವ್ಳು ಒಂದ್ ವರ್ಷದಿಂದ ಮನೇಲಿ ಕೂತಿದಾಳೆ."

ಇಷ್ಟು ಕೇಳಿದ ಮೇಲೆ ಮರ್ಯಾದಸ್ಥನಾದವನು ಸುಮ್ಮನೆ ಟೈಪ್ ಮಾಡಬೇಕು. ನಾನು ಅವಳ ಮೊದಲ ವಾಕ್ಯ ತೆಗೆದು ನನ್ನದನ್ನು ಹೊಡೆದೆ.

"ಮಲ್ಲೇಶ್ವರದ ಜಗಲಿ ಬಂದವರನ್ನು ಕೂರಿಸಲು ಕಟ್ಟಿದ್ದಲ್ಲ, ಒಳಗೆ ಬಿಡದಿರಲು ಕಟ್ಟಿದ್ದು."

ಅವಳು ನೋಡದೆ ತೆಗೆದುಕೊಂಡು ಹೋದಳು.

ಬುಧವಾರ ಮತ್ತೆ ಬಂದಳು. ಬೈಸಿಕೊಳ್ಳಲು ತಯಾರಾಗಿ ಕೂತೆ. ಪುಟದ ಮೇಲೆ ಅದೇ ಕೆಂಪು ಇಂಕು, ಆದರೆ ಈ ಸಲ ಬೇರೆ ಮಾತು. "ಇದು ವಾಕ್ಯ. ಇದನ್ನು ಸಾಬೀತು ಮಾಡು."

"ಇದು ನಾನ್ ಬರ್ದಿದ್ದಲ್ಲ ಸರ್."

"ಮಷೀನು ಒಂದೊಂದ್ಸಲ ಹಂಗ್ ಮಾಡತ್ತಮ್ಮ."

ಅವಳು ನಗಲಿಲ್ಲ. ವೈಟ್ನರ್ ಹಚ್ಚಿ ಅಳಿಸಿಬಿಡೋಣ ಎಂದೆ.

"ಬೇಡ. ಸಾಕ್ಷಿ ನನ್ ಹತ್ರಾನೇ ಇದೆ. ಬರೆಯೋಕ್ ಧೈರ್ಯ ಇರ್ಲಿಲ್ಲ ಅಷ್ಟೆ."

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಒಂದೊಂದು ಮನೆಗೆ ಒಂದೊಂದು ಪುಟ. ಮೇಲೆ "ಸಂದರ್ಶನ ನಡೆದ ಸ್ಥಳ" ಎಂದಿತ್ತು. ಅದರ ಮುಂದೆ ಜಗಲಿ. ಮುಂದಿನ ಪುಟ, ಜಗಲಿ. ಅದರ ಮುಂದಿನದು, ಜಗಲಿ.

"ಹೆಸರು ಕೇಳಿದ್ರು. ಅಪ್ಪನ್ ಹೆಸರು ಕೇಳಿದ್ರು. ಆಮೇಲೆ ನೀವು ಯಾವ ಪೈಕಿ ಅಂತ ಕೇಳಿದ್ರು. ಹೇಳಿದ್ಮೇಲೆ, ಇಲ್ಲೇ ಗಾಳಿ ಚೆನ್ನಾಗಿದೆ ಕೂತ್ಕೊಮ್ಮ ಅಂದ್ರು."

"ಎಲ್ಲಾ ಕಡೆನೂ?"

"ಮಲ್ಲೇಶ್ವರದಲ್ಲಿ ಗಾಳಿ ಜಾಸ್ತಿ ಸರ್."

ಆ ಪುಟಗಳನ್ನೆಲ್ಲ ಅನುಬಂಧವಾಗಿ ಸೇರಿಸಬೇಕಿತ್ತು. ಅವಳು ಪಕ್ಕದಲ್ಲೇ ಕೂತು ಒಂದೊಂದೇ ಪುಟ ತಿರುಗಿಸುತ್ತಾಳೆ, ನಾನು ಹೊಡೆಯುತ್ತಾ ಹೋಗುತ್ತೇನೆ.

ನಡುವೆ ಒಂದು ಪುಟ ಬಂತು. ಹಸಿರು ಗೇಟು, ಪಕ್ಕದಲ್ಲಿ ನೆಲ್ಲಿಕಾಯಿ ಮರ, ಎಪ್ಪತ್ತು ದಾಟಿದ ಅಜ್ಜಿ.

ನಮ್ಮ ಮನೆ.

"ಅಜ್ಜಿ ಬಹಳ ಹೊತ್ತು ಪ್ರೀತಿಯಿಂದ ಮಾತಾಡಿದರು. ನೀರು ಕುಡಿದ ಲೋಟ ತೊಳೆದು ಬೋರಲು ಹಾಕಿ ಹೋಗು ಎಂದರು. ಒಳಗಿನಿಂದ ಗಂಡಸಿನ ದನಿ, 'ಯಾರಮ್ಮ ಅದು?' ಅಜ್ಜಿ, 'ಯಾರೂ ಇಲ್ಲ.'"

ಆ ಭಾನುವಾರ ನನಗೆ ನೆನಪಿತ್ತು. ಹಾಲ್‌ನಲ್ಲಿ ಪೇಪರ್ ಓದುತ್ತಾ ಕೇಳಿದ್ದೆ. ಅಮ್ಮ ಯಾರೂ ಇಲ್ಲ ಅಂದರು, ಪುಟ ತಿರುಗಿಸಿದೆ.

ವರ್ಷಗಟ್ಟಲೆ ಬೇರೆಯವರ ಪ್ರಬಂಧಕ್ಕೆ ವಾಕ್ಯ ಸೇರಿಸಿದವನಿಗೆ, ಮೊದಲ ಸಲ ಒಂದು ವಾಕ್ಯ ತೆಗೆಯಬೇಕು ಎನ್ನಿಸಿತು.

"ಇದೊಂದ್ ಮನೆ ಬಿಟ್ಬಿಡೋಣ್ವಾಮ್ಮ? ಶೀಟು ತುಂಬೋಯ್ತು."

"ಇನ್ನೊಂದ್ ಶೀಟ್ ಹಾಕಿ ಸರ್."

ಹಾಕಿದೆ. ನಾಲ್ಕು ಕಾರ್ಬನ್ ಕಾಪಿ ಬೇಕಿತ್ತು. ಕೀಲಿಯನ್ನು ಬಲವಾಗಿ ಒತ್ತದಿದ್ದರೆ ಕೊನೆಯ ಪ್ರತಿಯಲ್ಲಿ ಅಕ್ಷರ ಮೂಡುವುದಿಲ್ಲ. "ಯಾರೂ ಇಲ್ಲ" ಎನ್ನುವುದನ್ನು ಬಲವಾಗಿಯೇ ಒತ್ತಿದೆ.

ಸಂಜೆ ಮನೆಗೆ ಹೋಗಿ ಅಮ್ಮನನ್ನು ಕೇಳಿದೆ, ಜಗಲಿ ಬಗ್ಗೆ ಕೇಳೋಕೆ ಒಬ್ಬಳು ಹುಡುಗಿ ಬಂದಿದ್ದಳಾ ಎಂದು.

"ಹೂಂ ಕಣೋ, ಒಳ್ಳೇ ಹುಡುಗಿ. ಚೆನ್ನಾಗ್ ಮಾತಾಡ್ಸಿ ಕಳ್ಸಿದೆ" ಎಂದರು. ಅವರ ಮುಖದಲ್ಲಿ ಸಂತೋಷ ಇತ್ತು. ನಾನು ಮುಂದೆ ಏನೂ ಕೇಳಲಿಲ್ಲ... ಅದೂ ಒಂದು ತಪ್ಪೇ.

ಶನಿವಾರ ಮಧ್ಯಾಹ್ನ ಸುಜಾತ ಅಂಗಡಿಗೆ ಬಂದಳು. ಸಹಿ ಹಾಕಿದ ಪುಟ ತೋರಿಸಿದಳು. ತಂಗಿಗೆ ಸೋಮವಾರವೇ ಕಾಲೇಜಿನ ಅರ್ಜಿ ತರುತ್ತಾಳಂತೆ.

"ಆ ಅಜ್ಜಿ ಮನೆ ಯಾವ್ದು ಅಂತ ಗೈಡು ಕೇಳಿದ್ರು ಸರ್. ನಾನ್ ಹೇಳ್ಲಿಲ್ಲ."

"ಯಾಕಮ್ಮ?"

"ಅವ್ರ ಮಗ ಅಲ್ವಾ ನಂಗೆ ಟೈಪ್ ಮಾಡ್ಕೊಟ್ಟಿದ್ದು. ದನಿ ಗುರ್ತು ಸಿಗಲ್ವಾ ಸರ್?"

ಕ್ಷಮಿಸಮ್ಮ ಎನ್ನಬೇಕಿತ್ತು. "ಬೈಂಡಿಂಗ್ ಮಂಗಳವಾರ ಸಿಗತ್ತೆ" ಎಂದೆ.

ನೀವು ನನ್ನ ಕುರ್ಚಿಯಲ್ಲಿ ಕೂತಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?